"ಔಟ್‌ಪುಟ್ ಬಂತ್ರೀ ಸರ್": ಪ್ರೋಗ್ರಾಮಿಂಗ್ ಕಲಿಸುವಾಗ ಮೊದಲ ವಾರದಿಂದಲೇ ಟೆಸ್ಟಿಂಗ್ ಸೇರಿಸುವುದು ಹೇಗೆ

ಬಾಗಲಕೋಟೆಯಲ್ಲಿ ಪ್ರೋಗ್ರಾಮಿಂಗ್ ಲ್ಯಾಬ್ ತೆಗೆದುಕೊಳ್ಳುತ್ತೇನೆ. ಲ್ಯಾಬಿನಲ್ಲಿ ದಿನಾ ಕಿವಿಗೆ ಬೀಳುವ ಮಾತು ಒಂದೇ: "ಸರ್, ಔಟ್‌ಪುಟ್ ಬಂತ್ರೀ." ಹತ್ತಿರ ಹೋಗಿ ನೋಡುತ್ತೇನೆ. ಪರದೆ ಮೇಲೆ ಒಂದು ಸಂಖ್ಯೆ ಇರುತ್ತದೆ. "ಎಷ್ಟು ಬರಬೇಕಿತ್ತಪ್ಪಾ?" ಅಂತ ಕೇಳಿದರೆ ಹುಡುಗ ನನ್ನ ಮುಖ ನೋಡುತ್ತಾನೆ. ಎಷ್ಟು ಬಂತು ಅನ್ನೋದು ಅವನಿಗೆ ಗೊತ್ತು. ಎಷ್ಟು ಬರಬೇಕಿತ್ತು ಅನ್ನೋದನ್ನ ಯಾರೂ ಅವನಿಗೆ ಕೇಳಿಯೇ ಇರಲಿಲ್ಲ.

ಇಂಜಿನಿಯರಿಂಗ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಅನ್ನೋ ಪಾಠ ಬರುವುದು ಸಾಮಾನ್ಯವಾಗಿ ಮೂರನೇ ವರ್ಷದ ಹೊತ್ತಿಗೆ. ಅಷ್ಟರಲ್ಲಿ "ಓಡಿದರೆ ಸಾಕು" ಅನ್ನೋ ಅಭ್ಯಾಸ ಗಟ್ಟಿಯಾಗಿರುತ್ತದೆ. ತ್ರಿಕೋನದ ಪ್ರೋಗ್ರಾಂ, ನಾಳೆಯ ದಿನಾಂಕ ಹೇಳುವ ಪ್ರೋಗ್ರಾಂ ಎಲ್ಲ ಮಾಡಿಸುತ್ತೇವೆ, ಹುಡುಗರು ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ, ಅಲ್ಲಿಗೆ ಮುಗೀತು. ನನ್ನ ಪ್ರಕಾರ ಟೆಸ್ಟಿಂಗ್ ಬೇರೆ ವಿಷಯವೇ ಅಲ್ಲ. ಕೂಡಿಸೋ ಲೆಕ್ಕ ಕಲಿಯುವಾಗಲೇ ತಾಳೆ ನೋಡೋದನ್ನೂ ಕಲಿತ ಹಾಗೆ, ಇದು ಮೊದಲ ಪ್ರೋಗ್ರಾಂ ಜೊತೆಗೇ ಬರಬೇಕು. ನಾನು ಒಂದು ಸೆಮಿಸ್ಟರ್‌ನಲ್ಲಿ ಇದನ್ನು ಯಾವ ಕ್ರಮದಲ್ಲಿ ಮಾಡಿಸುತ್ತೇನೆ ಅನ್ನೋದನ್ನ ಇಲ್ಲಿ ಬರೆದಿದ್ದೇನೆ. ಭಾಷೆ ಪೈಥಾನ್. ಸಿ ಅಥವಾ ಜಾವಾ ಕಲಿಸುವವರಿಗೂ ದಾರಿ ಇದೇ.

ಒಂದು ಮಾತು: ಕೋಡಿನ ಸಾಲುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಅಸರ್ಟ್, ರೌಂಡ್ ಥರದ ಪೈಥಾನಿನ ಸ್ವಂತ ಪದಗಳನ್ನು ನೀವು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ಫಂಕ್ಷನ್ ಹೆಸರು ಕನ್ನಡದಲ್ಲಿದ್ದರೆ ಪೈಥಾನ್ 3ಕ್ಕೆ ತಕರಾರಿಲ್ಲ.

ಹೆಜ್ಜೆ 1: ಉತ್ತರ ಮೊದಲು, ಪ್ರೋಗ್ರಾಂ ಆಮೇಲೆ

ಮೊದಲ ಲ್ಯಾಬಿನಲ್ಲಿ ಕಂಪ್ಯೂಟರ್ ಆನ್ ಮಾಡಿಸಬೇಡಿ. ಕರೆಂಟ್ ಹೋದ ದಿನವಾದರೆ ಇನ್ನೂ ಒಳ್ಳೆಯದು.

ಲೆಕ್ಕ ಊರಿನದ್ದೇ ಇರಲಿ. ನಾನು ಕೊಡುವುದು ಕಬ್ಬಿನ ಬಿಲ್ಲು. ನಮ್ಮ ಕ್ಲಾಸಿನಲ್ಲಿ ಮುಧೋಳ, ಜಮಖಂಡಿ ಕಡೆಯ ಹುಡುಗರು ಜಾಸ್ತಿ. ಟ್ರ್ಯಾಕ್ಟರ್ ಕಾಟಾ ಮೇಲೆ ನಿಲ್ಲುವುದನ್ನು ಅವರಿಗೆ ವಿವರಿಸೋದು ಬೇಕಿಲ್ಲ. ಲೋಡ್ ಸಮೇತ ತೂಕ, ಖಾಲಿ ಗಾಡಿಯ ತೂಕ, ಟನ್ನಿಗೆ ಇಷ್ಟು ದರ. ಇವು ಮೂರನ್ನು ಕೊಟ್ಟರೆ ಬಿಲ್ಲು ಎಷ್ಟು?

ಕೋಡ್ ಬರೆಯುವ ಮೊದಲು ಹಾಳೆಯ ಮೇಲೆ ಐದು ಸಾಲು ಬರೆಸುತ್ತೇನೆ. ಒಂದು ಬದಿಗೆ ಕೊಡುವ ಸಂಖ್ಯೆಗಳು, ಇನ್ನೊಂದು ಬದಿಗೆ ಕೈಲೆಕ್ಕದಲ್ಲಿ ಬಂದ ಉತ್ತರ. ಲೋಡ್ 24,350 ಕೆಜಿ, ಖಾಲಿ 6,150 ಕೆಜಿ, ದರ ಲೆಕ್ಕಕ್ಕೆ 3,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿವ್ವಳ 18,200 ಕೆಜಿ, ಅಂದರೆ 18.2 ಟನ್. ಬಿಲ್ಲು 54,600 ರೂಪಾಯಿ.

ಈ ಹಾಳೆ ಬರೆಸುವಾಗಲೇ ಅರ್ಧ ಪಾಠ ಆಗಿಬಿಡುತ್ತದೆ. "ತೂಕ ಕೆಜಿಯಾಗ ಕೊಡೋದೋ ಟನ್ನಿನ್ಯಾಗೋ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಕಾಟಾ ಚೀಟಿಯಲ್ಲಿ ಕೆಜಿ, ಕಬ್ಬಿನ ದರ ಟನ್ನಿಗೆ, ಜೋಳದ ದರ ಕ್ವಿಂಟಾಲಿಗೆ. ಆ ಪ್ರಶ್ನೆ ಬಂದ ಕೂಡಲೇ ನಾನು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ಹೇಳುತ್ತೇನೆ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಲೆಕ್ಕ ಅಂದುಕೊಂಡರು. 1999ರ ಸೆಪ್ಟೆಂಬರ್‌ನಲ್ಲಿ ಮಂಗಳ ಗ್ರಹದ ಹತ್ತಿರ ಹೋದ ನೌಕೆ ಮತ್ತೆ ಸಿಗಲಿಲ್ಲ. ಅಷ್ಟು ದೊಡ್ಡವರಿಗೇ ಕೆಜಿ‑ಟನ್ ಥರದ ಗೊಂದಲ ಆಗಿತ್ತು ಅಂದರೆ ಹುಡುಗರಿಗೆ ಸ್ವಲ್ಪ ಧೈರ್ಯ ಬರುತ್ತದೆ.

ಹೆಜ್ಜೆ 2: ಹಾಳೆಯ ಸಾಲು ಅಸರ್ಟ್ ಆಗಲಿ

ಮುಂದಿನ ಲ್ಯಾಬಿನಲ್ಲಿ ಆ ಐದು ಸಾಲುಗಳನ್ನೇ ಟೈಪ್ ಮಾಡಿಸಿ. ಬೇರೆ ಯಾವ ಸಾಧನವೂ ಈಗ ಬೇಡ. ಅಸರ್ಟ್ ಅಂದರೆ ಮುಂದೆ ಬರೆದದ್ದು ನಿಜ ಇರಲೇಬೇಕು ಅಂತ ಪೈಥಾನಿಗೆ ಹೇಳುವ ಪದ.

ಅಸರ್ಟ್ ಕಬ್ಬಿನ_ಬಿಲ್ಲು(24350, 6150, 3000) == 54600

ಸರಿ ಇದ್ದರೆ ಪೈಥಾನ್ ಸುಮ್ಮನಿರುತ್ತದೆ. ತಪ್ಪಿದ್ದರೆ ಅಲ್ಲೇ ನಿಂತು ಬೈಯುತ್ತದೆ. ಏನೂ ಬರದಿದ್ದರೆ ಪಾಸು ಅನ್ನೋದು ಹುಡುಗರಿಗೆ ಮೊದಲಿಗೆ ಒಗ್ಗುವುದಿಲ್ಲ. "ಸರ್, ಏನೂ ಬರವಲ್ದು" ಅಂತ ಗಾಬರಿಯಾಗುತ್ತಾರೆ. ಹಾಗಾಗಿ ಮೊದಲ ಸಲ ಬೇಕಂತಲೇ 54600 ಜಾಗದಲ್ಲಿ 54601 ಬರೆಸಿ, ಅದು ಬೀಳುವುದನ್ನು ತೋರಿಸಿ. ಒಮ್ಮೆಯೂ ಬೀಳದ ಟೆಸ್ಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳುವವರು ಯಾರು?

ಇಲ್ಲಿ ಒಂದು ಎಚ್ಚರಿಕೆ. ಹುಡುಗರು ಸುಲಭ ಅಂತ ಸೊನ್ನೆಗಳಿರುವ ಸಂಖ್ಯೆಯನ್ನೇ ಆರಿಸಿಕೊಳ್ಳುತ್ತಾರೆ. ಲೋಡ್ 24,000, ಖಾಲಿ 6,000, ಬಿಲ್ಲು 54,000. ಒಂದು ಬ್ಯಾಚಿನಲ್ಲಿ ಒಬ್ಬ ಟನ್ ಮಾಡುವಾಗ ಒಂದು ಗೆರೆಯ (/) ಭಾಗಾಕಾರದ ಬದಲು ಎರಡು ಗೆರೆ (//) ಹಾಕಿದ್ದ. ಪೈಥಾನಿನಲ್ಲಿ ಎರಡು ಗೆರೆ ಅಂದರೆ ದಶಮಾಂಶ ಕತ್ತರಿಸಿ ಪೂರ್ಣಾಂಕ ಮಾತ್ರ ಉಳಿಸಿಕೊಳ್ಳೋದು. ಅವನ ಟೆಸ್ಟ್ ಎಲ್ಲ ಪಾಸು. ನಾನು 24,350 ಮತ್ತು 6,150 ಹಾಕಿಸಿದೆ. 18.2 ಟನ್ ಹೋಗಿ 18 ಆಯಿತು, ಬಿಲ್ಲು 54,000ಕ್ಕೆ ಇಳಿಯಿತು. "ಇನ್ನೂರು ಕೆಜಿ ಎಲ್ಲಿ ಹೋತು?" ಅಂದೆ. ಪಕ್ಕದ ಹುಡುಗ ತಟ್ಟನೆ ಹೇಳಿದ: "ಆರನೂರು ರೂಪಾಯಿ ಸರ್. ನಮ್ಮಪ್ಪ ಆದ್ರ ಕಾಟಾದ ಮುಂದ ಕುಂತು ಬಿಡ್ತಿದ್ದ." ದಶಮಾಂಶ ಕತ್ತರಿಸುವ ಭಾಗಾಕಾರವನ್ನು ಆ ಬ್ಯಾಚ್ ಮತ್ತೆ ಮರೆಯಲಿಲ್ಲ.

ಹೆಜ್ಜೆ 3: ಅಂಚಿಗೆ ಹೋಗಿ ನಿಲ್ಲಿ

ತಪ್ಪುಗಳು ನಡುವೆ ಕಡಿಮೆ, ಅಂಚಿನಲ್ಲಿ ಜಾಸ್ತಿ. ಇದಕ್ಕೆ ನಮ್ಮ ಹತ್ತಿರ ಆಲಮಟ್ಟಿ ಇದೆ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಟ್ಟ ಕೊಟ್ಟರೆ "ತುಂಬಿದೆ" ಅಥವಾ "ತುಂಬಿಲ್ಲ" ಅಂತ ಹೇಳುವ ಫಂಕ್ಷನ್ ಬರೆಯಿರಿ ಅನ್ನಿ. 510ಕ್ಕೂ 525ಕ್ಕೂ ಎಲ್ಲರ ಪ್ರೋಗ್ರಾಂ ಸರಿಯೇ. 519.59, 519.60, 519.61 ಹಾಕಿಸಿ ನೋಡಿ. "ಹೆಚ್ಚು" ಅನ್ನೋ ಕಡೆ "ಹೆಚ್ಚು ಅಥವಾ ಸಮ" ಬೇಕಿತ್ತು ಅನ್ನೋದು ಅಲ್ಲಿ ಬಯಲಾಗುತ್ತದೆ. ಅಂಚಿಗೆ ಸ್ವಲ್ಪ ಕೆಳಗೆ, ಸರಿಯಾಗಿ ಅಂಚಿನಲ್ಲಿ, ಸ್ವಲ್ಪ ಮೇಲೆ. ಮೂರು ಟೆಸ್ಟ್, ಪ್ರತಿ ಷರತ್ತಿಗೂ. ಇದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಮಾಡಿಸಬೇಕು ಅಷ್ಟೇ.

ಅಧಿಕ ವರ್ಷದ ಲೆಕ್ಕವೂ ಇದೇ ಗುಂಪಿನದು. 2024 ಪಾಸಾದ ತಕ್ಷಣ ಹುಡುಗರು ನಿಲ್ಲಿಸುತ್ತಾರೆ. 1900 ಮತ್ತು 2000 ಎರಡನ್ನೂ ಕೇಳಿ. 2000 ಅಧಿಕ ವರ್ಷ, 1900 ಅಲ್ಲ.

ಹೆಜ್ಜೆ 4: ಕೆಟ್ಟ ಇನ್‌ಪುಟ್ ಕೊಡಿ

ಖಾಲಿ ತೂಕವೂ ಲೋಡ್ ತೂಕವೂ ಅದಲುಬದಲಾದರೆ? ಬಿಲ್ಲು ಮೈನಸ್ಸಿಗೆ ಹೋಗುತ್ತದೆ. ರೈತನೇ ಕಾರ್ಖಾನೆಗೆ ದುಡ್ಡು ಕೊಡಬೇಕು! ಇಂಥ ಕಡೆ ಪ್ರೋಗ್ರಾಂ ಏನು ಮಾಡಬೇಕು ಅನ್ನೋದನ್ನು ಮೊದಲು ನಿರ್ಧರಿಸಬೇಕು, ಆಮೇಲೆ ಅದಕ್ಕೂ ಟೆಸ್ಟ್ ಬರೆಯಬೇಕು. ನಾವು ವ್ಯಾಲ್ಯೂ ಎರರ್ ಎತ್ತುತ್ತೇವೆ, ಅಂದರೆ ಕೊಟ್ಟ ಸಂಖ್ಯೆ ಸರಿಯಿಲ್ಲ ಅಂತ ಪ್ರೋಗ್ರಾಂ ದೂರು ಹೇಳುತ್ತದೆ.

ಬಳಕೆದಾರ 24,350 ಅಂತ ಅಲ್ಪವಿರಾಮ ಹಾಕಿ ಟೈಪ್ ಮಾಡಿದರೆ ಟೈಪ್ ಮಾಡಿದ್ದನ್ನು ಪೂರ್ಣಾಂಕ ಮಾಡಿಕೊಡುವ ಪೈಥಾನಿನ ಇಂಟ್ ಅದನ್ನು ಒಪ್ಪುವುದಿಲ್ಲ. ೨೪೩೫೦ ಅಂತ ಕನ್ನಡ ಅಂಕಿಯಲ್ಲಿ ಕೊಟ್ಟರೆ ಒಪ್ಪುತ್ತದೆ! ಇದನ್ನು ಹೇಳಿಕೊಡಬೇಡಿ, "ಏನಾಗುತ್ತೆ ಅಂತ ಮೊದಲು ಊಹಿಸಿ, ಆಮೇಲೆ ಓಡಿಸಿ" ಅನ್ನಿ. ಊಹೆ ತಪ್ಪಾದಾಗಲೇ ತಲೆಯಲ್ಲಿ ಉಳಿಯೋದು.

ಹೆಜ್ಜೆ 5: ಅರ್ಧ ಅಂಕದ ಜಗಳ

ಇದು ನನ್ನದೇ ತಪ್ಪು, ಮುಚ್ಚಿಡೋದು ಏನೂ ಇಲ್ಲ. ಇಂಟರ್ನಲ್ಸ್ ಅಂಕ ಹಾಕಲು ನಾನೇ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಎರಡು ಕ್ಲಾಸ್ ಟೆಸ್ಟಿನ ಅಂಕಗಳ ಸರಾಸರಿ ತೆಗೆದು ರೌಂಡ್ ಮಾಡೋದು, ಅಷ್ಟೇ. ನೋಟಿಸ್ ಬೋರ್ಡಿಗೆ ಪಟ್ಟಿ ಹಾಕಿದ ಮಧ್ಯಾಹ್ನ ಒಬ್ಬ ಹುಡುಗಿ ಕ್ಯಾಲ್ಕುಲೇಟರ್ ಹಿಡಿದು ಬಂದಳು. "ಸರ್, ನಂದು 24, 25. ಇಕಿದು 23, 24. ಇಬ್ಬರಿಗೂ 24 ಹೆಂಗ್ರೀ?"

ನನಗೂ ತಿಳಿಯಲಿಲ್ಲ. ಅವಳ ಸರಾಸರಿ 24.5, ಗೆಳತಿಯದು 23.5. ಪೈಥಾನಿನ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. 24.5 ಕೆಳಗಿಳಿದು 24, 23.5 ಮೇಲೇರಿ 24. ದೊಡ್ಡ ಲೆಕ್ಕಗಳಲ್ಲಿ ಯಾವಾಗಲೂ ಮೇಲಕ್ಕೇ ಏರಿಸಿದರೆ ಮೊತ್ತ ಉಬ್ಬುತ್ತದೆ, ಅದಕ್ಕೆ ಈ ಪದ್ಧತಿ. ಭಾಷೆಯ ತಪ್ಪಲ್ಲ. ಆದರೆ ನಾನು ಓಡಿಸಿ ನೋಡಿದ್ದು 20 ಮತ್ತು 22 ಥರದ ಜೋಡಿಗಳನ್ನು ಮಾತ್ರ. ಹುಡುಗರಿಗೆ ಬೈಯುತ್ತಿದ್ದ ಅದೇ ತಪ್ಪು.

ಪಟ್ಟಿ ತೆಗೆದು ತಿದ್ದಿದೆ. ಎರಡೂ ಅಂಕ ಕೂಡಿಸಿ, ಒಂದು ಸೇರಿಸಿ, ಎರಡು ಗೆರೆ ಹಾಕಿ 2ರಿಂದ ಭಾಗಿಸಿದರೆ ನಮಗೆ ಬೇಕಾದ ಹಾಗೆ ಅರ್ಧ ಮೇಲಕ್ಕೆ ಹೋಗುತ್ತದೆ. ಹೋದ ಸಲ ಖಳನಾಯಕನಾಗಿದ್ದ ಎರಡು ಗೆರೆ ಇಲ್ಲಿ ಉಪಕಾರಕ್ಕೆ ಬಂತು. ಈಗ ಪ್ರತಿ ಬ್ಯಾಚಿಗೂ ಆ ಹಳೆಯ ಪ್ರೋಗ್ರಾಂ ಕೊಟ್ಟು "ಇದರಲ್ಲಿ ಒಂದು ತಪ್ಪಿದೆ, ತೋರಿಸುವ ಟೆಸ್ಟ್ ಬರೆಯಿರಿ" ಅನ್ನುತ್ತೇನೆ. ಮೇಷ್ಟ್ರ ತಪ್ಪು ಹುಡುಕೋದು ಅಂದರೆ ಎಲ್ಲಿಲ್ಲದ ಉತ್ಸಾಹ.

ಇದರ ಜೊತೆಗೇ 0.1 ಮತ್ತು 0.2 ಕೂಡಿಸಿ 0.3ಕ್ಕೆ ಸಮವೇ ಅಂತ ಕೇಳಿಸಿ. ಅಲ್ಲ ಅನ್ನುತ್ತದೆ ಕಂಪ್ಯೂಟರ್, ಯಾಕಂದರೆ ಇಂಥ ದಶಮಾಂಶಗಳನ್ನು ಅದು ಅಂದಾಜಿನಲ್ಲಿ ಇಟ್ಟುಕೊಳ್ಳೋದು. ಹಣದ ಲೆಕ್ಕವನ್ನು ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಇಡಿ ಅಂತ ಹೇಳಲು ಇದಕ್ಕಿಂತ ಒಳ್ಳೆ ಹೊತ್ತು ಸಿಗದು.

ಹೆಜ್ಜೆ 6: ವಿಕಟಕವಿ ಪರೀಕ್ಷೆ

ಹಿಂದುಮುಂದು ಓದಿದರೂ ಒಂದೇ ಆಗಿರುವ ಪದ ಹುಡುಕುವ ಪ್ರೋಗ್ರಾಂ ಎಲ್ಲ ಲ್ಯಾಬಿನಲ್ಲೂ ಇದ್ದದ್ದೇ. ಇಂಗ್ಲಿಷ್ ಪದಗಳ ಮೇಲೆ ಓಡಿಸಿ ರೆಕಾರ್ಡ್ ಬರೆದುಬಿಡುತ್ತಾರೆ. ಕನ್ನಡ ಪದ ಕೊಡಿಸಿ ನೋಡಿ.

ಕನಕ: ಸರಿ. ಜಲಜ: ಸರಿ. ನಮನ: ಸರಿ. ಹುಡುಗರು ಖುಷಿ. ಈಗ ವಿಕಟಕವಿ ಕೊಡಿ. ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಯಾವ ಮಗುವಿಗೂ ಗೊತ್ತು, ಅದನ್ನು ಎತ್ತ ಓದಿದರೂ ಒಂದೇ. ಪ್ರೋಗ್ರಾಂ ಅಲ್ಲ ಅನ್ನುತ್ತದೆ.

ಯಾಕೆ ಅಂತ ಬೋರ್ಡ್ ಮೇಲೆ ಬಿಡಿಸಿ. ನಮಗೆ ಅದು ಐದು ಅಕ್ಷರ: ವಿ, ಕ, ಟ, ಕ, ವಿ. ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಏಳು. ವ ಬೇರೆ, ಅದರ ಗುಡಿಸು ಬೇರೆ. ತಿರುಗಿಸಿದಾಗ ಗುಡಿಸು ಮುಂದೆ ಬಂದು, ವ ಹಿಂದೆ ಬೀಳುತ್ತದೆ.

ತಿದ್ದಲು ಹೊರಟರೆ ಮೊದಲ ಐಡಿಯಾ: ಕಾಗುಣಿತದ ಚಿಹ್ನೆ ಕಂಡರೆ ಹಿಂದಿನ ಅಕ್ಷರಕ್ಕೆ ಅಂಟಿಸು. ವಿಕಟಕವಿ ಪಾಸಾಯಿತು. ಬೆಳಗಾವಿ ನಾಲ್ಕು, ವಿಜಯಪುರ ಐದು, ಬಾಗಲಕೋಟೆ ಐದು ಅಂತ ಅಕ್ಷರ ಎಣಿಸುವ ಟೆಸ್ಟ್‌ಗಳೂ ಪಾಸು. ಆಗ ಮುದ್ದೇಬಿಹಾಳ ಕೊಡಿ. ಬರಬೇಕಾದ್ದು ಐದು, ಬರುವುದು ಆರು. ಒತ್ತಕ್ಷರ ಒಡೆದುಹೋಯಿತು. ಅರ್ಧಾಕ್ಷರದ ಚಿಹ್ನೆ ಆದ ಮೇಲೆ ಬರುವ ವ್ಯಂಜನವನ್ನೂ ಅಂಟಿಸಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. "ಸರ್" ಅನ್ನೋದರಲ್ಲಿ ಎಷ್ಟು ಅಕ್ಷರ? ಒಂದು ಬ್ಯಾಚಿನಲ್ಲಿ ಅರ್ಧ ಜನ ಎರಡು ಅಂದರು, ಇನ್ನರ್ಧ ಒಂದೂವರೆ ಅಂದರು. ಛಂದಸ್ಸು ಓದಿದ ಹುಡುಗಿಯೊಬ್ಬಳು ಮಾತ್ರೆ ಎಣಿಸಲು ಶುರು ಮಾಡಿದಳು. ನಾನು ಬಿಟ್ಟುಕೊಟ್ಟೆ. ಟೆಸ್ಟ್ ಬರೆಯಲು ಕುಳಿತಾಗ ಸಿಗುವ ಪ್ರಶ್ನೆ ಇದೇ ಥರದ್ದು: ಕೋಡ್ ತಪ್ಪೋ ಸರಿಯೋ ಅನ್ನುವ ಮೊದಲು, ಸರಿ ಅಂದರೆ ಯಾವುದು? ಕೊನೆಗೆ ಎರಡು ಅಂತ ಬಹುಮತದಿಂದ ಒಪ್ಪಿ, ಟೆಸ್ಟ್ ಫೈಲಿನಲ್ಲಿ ಕಮೆಂಟ್ ಸಮೇತ ಬರೆದಿಟ್ಟೆವು.

ಹೆಜ್ಜೆ 7: ಪೈಟೆಸ್ಟ್‌ಗೆ ಬನ್ನಿ

ಅಸರ್ಟ್ ಸಾಲುಗಳು ಇಪ್ಪತ್ತು ದಾಟಿದ ಮೇಲೆ ಮಾತ್ರ. ಮೊದಲೇ ತಂದರೆ ಹುಡುಗರು ಸಾಧನ ಕಲಿಯುತ್ತಾರೆ, ಟೆಸ್ಟಿಂಗ್ ಕಲಿಯುವುದಿಲ್ಲ. ಬರೀ ಅಸರ್ಟ್ ಇದ್ದರೆ ಮೊದಲ ತಪ್ಪಿಗೇ ನಿಂತುಬಿಡುತ್ತದೆ, ಉಳಿದವು ಏನಾದವು ತಿಳಿಯೋದಿಲ್ಲ. ಆ ಕಿರಿಕಿರಿ ಅವರಿಗೇ ಆಗಲಿ. ಆಮೇಲೆ ಟೆಸ್ಟ್‌ಗಳನ್ನೆಲ್ಲ ಒಟ್ಟಿಗೆ ಓಡಿಸುವ ಪೈಟೆಸ್ಟ್ ಅನ್ನೋ ಸಾಧನ ತೋರಿಸಿ. ಫೈಲ್ ಹೆಸರೂ ಫಂಕ್ಷನ್ ಹೆಸರೂ ಟೆಸ್ಟ್ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು, ಆ ಭಾಗ ಇಂಗ್ಲಿಷ್‌ನಲ್ಲೇ ಇರಬೇಕು. ಎಲ್ಲವನ್ನೂ ಓಡಿಸಿ, ಬಿದ್ದವು ಯಾವುವು, ಎಷ್ಟು ಬರಬೇಕಿತ್ತು, ಎಷ್ಟು ಬಂತು ಅಂತ ಪಟ್ಟಿ ಕೊಡುತ್ತದೆ. ಹೆಜ್ಜೆ 4ರ ವ್ಯಾಲ್ಯೂ ಎರರ್ ಬಂತೇ ಅಂತ ನೋಡಲು ಪೈಟೆಸ್ಟ್‌ನ ರೇಸಸ್ ಇದೆ.

ಜಾವಾ ಕಲಿಸುವವರಿಗೆ ಇಂಥದ್ದೇ ಸಾಧನ ಜೆಯುನಿಟ್. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅದರ ಮೊದಲ ರೂಪವನ್ನು 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಕೂತು ಬರೆದರು. ಬಸ್ಸಿನಲ್ಲಿ ಬಾಗಲಕೋಟೆಯಿಂದ ಬೆಳಗಾವಿಗೆ ಹೋಗುವಾಗ ನಾನೂ ಲ್ಯಾಪ್‌ಟಾಪ್ ತೆಗೆದಿದ್ದೇನೆ. ರಸ್ತೆ ಬಿಡಬೇಕಲ್ಲ.

ಹೆಜ್ಜೆ 8: ಟೆಸ್ಟಿಗೇ ಅಂಕ ಕೊಡಿ

ಇದೊಂದನ್ನು ಮಾಡದೆ ಬಿಟ್ಟರೆ ಮೇಲಿನದೆಲ್ಲ ಎರಡು ವಾರದಲ್ಲಿ ಮರೆತುಹೋಗುತ್ತದೆ. ಅಂಕವಿಲ್ಲದ ಕೆಲಸ ಯಾವ ಹುಡುಗನೂ ಮಾಡೋದಿಲ್ಲ, ನಾವೂ ಮಾಡುತ್ತಿರಲಿಲ್ಲ ಅಲ್ವಾ?

ಆದರೆ "ಹತ್ತು ಟೆಸ್ಟ್ ಬರೆದರೆ ಹತ್ತು ಅಂಕ" ಅನ್ನಬೇಡಿ. ಒಂದೇ ಟೆಸ್ಟನ್ನು ಸಂಖ್ಯೆ ಬದಲಿಸಿ ಹತ್ತು ಸಲ ಬರೆಯುತ್ತಾರೆ. ನಾನು ಮಾಡೋದು ಹೀಗೆ. ಕಬ್ಬಿನ ಬಿಲ್ಲಿನ ಒಂದು ಸರಿಯಾದ ಪ್ರೋಗ್ರಾಂ ಇಟ್ಟುಕೊಳ್ಳುತ್ತೇನೆ. ಅದರ ಪಕ್ಕದಲ್ಲಿ ಬೇಕಂತಲೇ ಕೆಡಿಸಿದ ಐದು ನಕಲು. ಒಂದರಲ್ಲಿ ದಶಮಾಂಶ ಕತ್ತರಿಸಿರುತ್ತೇನೆ. ಇನ್ನೊಂದರಲ್ಲಿ 1000ದ ಬದಲು 100ರಿಂದ ಭಾಗಿಸಿರುತ್ತೇನೆ, ಅಂದರೆ ಟನ್ ಹೋಗಿ ಕ್ವಿಂಟಾಲ್. ಮೂರನೆಯದು ಕೊಟ್ಟ ದರವನ್ನು ನೋಡದೆ ಯಾವಾಗಲೂ 3,000ವನ್ನೇ ಹಿಡಿಯುತ್ತದೆ. ನಾಲ್ಕನೆಯದು ತೂಕ ಅದಲುಬದಲಾದರೂ ಸುಮ್ನೆ ಮೈನಸ್ ತೆಗೆದು ಬಿಲ್ಲು ಕೊಡುತ್ತದೆ. ಐದನೆಯದು ಎರಡೂ ತೂಕ ಸಮ ಇದ್ದಾಗ ಸೊನ್ನೆ ಕೊಡುವ ಬದಲು ಎರರ್ ಎತ್ತುತ್ತದೆ.

ಹುಡುಗರ ಟೆಸ್ಟ್ ಫೈಲನ್ನು ಆರಕ್ಕೂ ಓಡಿಸಿ. ಸರಿಯಾದದ್ದು ಪಾಸಾಗಲೇಬೇಕು, ಇಲ್ಲದಿದ್ದರೆ ಟೆಸ್ಟೇ ತಪ್ಪು. ಆಮೇಲೆ ಕೆಟ್ಟ ನಕಲು ಒಂದು ಸಿಕ್ಕಿಬಿದ್ದರೆ ಎರಡು ಅಂಕ. ತಪ್ಪಿಸಿಕೊಳ್ಳುವವನು ಸಾಮಾನ್ಯವಾಗಿ ಮೂರನೆಯವನು, ಯಾಕಂದರೆ ಎಲ್ಲ ಟೆಸ್ಟಿನಲ್ಲೂ ದರ 3,000ವೇ ಇರುತ್ತದೆ. ಒಂದೇ ಒಂದು ಸಾಲಿನಲ್ಲಿ 2,950 ಹಾಕಿದ್ದರೆ ಸಿಗುತ್ತಿದ್ದ.

ಇದು ನನ್ನ ಉಪಾಯ ಏನಲ್ಲ. ಮ್ಯುಟೇಶನ್ ಟೆಸ್ಟಿಂಗ್ ಅಂತ ಹೆಸರು. ರಿಚರ್ಡ್ ಲಿಪ್ಟನ್ 1971ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಈ ವಿಚಾರ ಮುಂದಿಟ್ಟಿದ್ದು. ಕೆಡಿಸಿದ ನಕಲುಗಳನ್ನು ತಾನೇ ಮಾಡುವ ಸಾಧನಗಳೂ ಇವೆ. ಆದರೆ ಮೊದಲ ವರ್ಷದವರಿಗೆ ಕೈಯಿಂದ ಕೆಡಿಸಿದ ಐದು ಸಾಕು. ಅಲ್ಲಿ ಇರೋದು ಅವರೇ ಮಾಡುವ ತಪ್ಪುಗಳು.

ಬ್ಯಾಚ್ ಸ್ವಲ್ಪ ಚುರುಕಾಗಿದ್ದರೆ ಕೆಡಿಸುವ ಕೆಲಸವನ್ನೂ ಅವರಿಗೇ ಕೊಡಿ. ಇಬ್ಬಿಬ್ಬರ ಜೋಡಿ. ಒಬ್ಬ ಒಂದೇ ಸಾಲು ಕೆಡಿಸಬೇಕು, ಇನ್ನೊಬ್ಬ ಕೋಡ್ ನೋಡದೆ ಟೆಸ್ಟಿನಿಂದ ಹಿಡಿಯಬೇಕು. ಗಲಾಟೆ ಆಗುತ್ತದೆ, ಪಕ್ಕದ ಲ್ಯಾಬಿನವರು ಬಂದು ಇಣುಕುತ್ತಾರೆ. ಆಗಲಿ ಬಿಡಿ.

ಜಾರುವ ಜಾಗಗಳು

ಟೆಸ್ಟಿನೊಳಗೆ ಮತ್ತೆ ಅದೇ ಸೂತ್ರ ಬರೆಯೋದು. ಬರಬೇಕಾದ ಉತ್ತರದ ಜಾಗದಲ್ಲಿ ಲೋಡ್ ಕಳೆ ಖಾಲಿ ಭಾಗಿಸು ಸಾವಿರ ಅಂತ ಹಾಕಿದರೆ, ಸೂತ್ರ ತಪ್ಪಿದ್ದರೆ ಎರಡೂ ಕಡೆ ತಪ್ಪುತ್ತದೆ, ಟೆಸ್ಟ್ ಮಾತ್ರ ಪಾಸು. ಅಲ್ಲಿ ಕೈಲೆಕ್ಕದ ಸಂಖ್ಯೆಯೇ ಇರಬೇಕು.

ಈಗಿನ ಹೊಸ ಜಾರುಬಂಡಿ ಚಾಟ್‌ಬಾಟ್. "ಈ ಕೋಡಿಗೆ ಟೆಸ್ಟ್ ಬರೆದುಕೊಡು" ಅಂದರೆ ಚಕಚಕ ಬರೆದುಕೊಡುತ್ತದೆ. ಆದರೆ ಕೋಡ್ 54,000 ಕೊಡುತ್ತಿದ್ದರೆ ಅದನ್ನೇ ಸರಿ ಉತ್ತರ ಅಂತ ಟೆಸ್ಟಿಗೆ ಹಾಕಿಬಿಡೋದುಂಟು. ಬಳಸಬೇಡಿ ಅಂದರೆ ಯಾರೂ ಕೇಳೋದಿಲ್ಲ. ಹಾಗಾಗಿ ನಾನು ವೈವಾದಲ್ಲಿ ಹೆಜ್ಜೆ 1ರ ಹಾಳೆ ಕೇಳುತ್ತೇನೆ. ಕೈಬರಹದ ಐದು ಸಾಲು ಮೊದಲು ತೋರಿಸು, ಆಮೇಲೆ ಮಿಕ್ಕಿದ್ದು.

ಕವರೇಜ್, ಅಂದರೆ ಟೆಸ್ಟ್ ಮಾಡುವಾಗ ಓಡಿದ ಕೋಡ್ ಸಾಲುಗಳ ಪಾಲು, ನೂರಕ್ಕೆ ನೂರು ಅಂತ ಹಿಗ್ಗುವುದೂ ಬೇಡ. ಸಾಲು ಓಡಿತು ಅಂದರೆ ಉತ್ತರ ಸರಿ ಬಂತು ಅಂತಲ್ಲ. ಎರಡು ಗೆರೆ ಹಾಕಿದ ಹುಡುಗನ ಕವರೇಜೂ ನೂರೇ ಇತ್ತು.

ಇನ್ನು ದೂರು ಬಂದಾಗ. ತಪ್ಪು ಸಿಕ್ಕ ಕೂಡಲೇ ಕೋಡ್ ತಿದ್ದಲು ಕೈ ಹೋಗುತ್ತದೆ. ತಡೆಯಿರಿ. ಮೊದಲು ಆ ತಪ್ಪನ್ನು ತೋರಿಸುವ ಟೆಸ್ಟ್ ಬರೆದು, ಅದು ಬೀಳುವುದನ್ನು ನೋಡಿ, ಆಮೇಲೆ ತಿದ್ದಬೇಕು. ನನ್ನ ಇಂಟರ್ನಲ್ಸ್ ಪ್ರೋಗ್ರಾಮಿನ ಟೆಸ್ಟ್ ಫೈಲಿನಲ್ಲಿ ಮೊದಲ ಸಾಲು ಇವತ್ತಿಗೂ 24 ಮತ್ತು 25ರದ್ದೇ, ಉತ್ತರ 25. ಎರಡನೆಯದು 23 ಮತ್ತು 24, ಉತ್ತರ 24. ಪಟ್ಟಿ ಹಾಕುವ ಮುನ್ನ ಪ್ರತಿ ಸಲ ಅದನ್ನು ಓಡಿಸುತ್ತೇನೆ. ಆ ಹುಡುಗಿ ಪಾಸಾಗಿ ಹೋದಳು, ಆದರೂ ಕ್ಯಾಲ್ಕುಲೇಟರ್ ಹಿಡಿದು ಬಾಗಿಲಲ್ಲಿ ನಿಂತ ಹಾಗೇ ಅನ್ನಿಸುತ್ತದೆ.